ಮೇಲಿನ ಜೋಡಿ ತಂತಿ

ಆ ವರ್ಷ ನನ್ನ ಹೆಂಡತಿ ನಾನು ಆಡಿದ ಮಾತನ್ನೆಲ್ಲ ಎರಡು ಸಲ ಆಡಿಸುತ್ತಿದ್ದಳು. ಪಡಸಾಲೆಯಲ್ಲಿ ಕೂತು ಏನಾದರೂ ಹೇಳಿದರೆ ಅಡುಗೆಮನೆಯಿಂದ "ಏನಂದ್ರಿ?" ಎಂಬ ದನಿ ಬರುತ್ತಿತ್ತು. ಇನ್ನೊಮ್ಮೆ ಹೇಳುತ್ತಿದ್ದೆ. ಮತ್ತೆ "ಏನು?" ಅಂದರೆ "ಏನಿಲ್ಲ ಬಿಡು" ಎಂದು ಜೋರಾಗಿ ಹೇಳಿ ಸುಮ್ಮನಾಗುತ್ತಿದ್ದೆ. ಆ "ಏನಿಲ್ಲ ಬಿಡು" ಮಾತ್ರ ಅವಳಿಗೆ ಮೊದಲ ಸಲಕ್ಕೇ ಕೇಳಿಸುತ್ತಿತ್ತು. ಹಾಗಾಗಿ ಕಿವಿಗೇನೂ ಆಗಿಲ್ಲ, ಇವಳಿಗೆ ನನ್ನ ಮಾತಿನ ಮೇಲೆ ಲಕ್ಷ್ಯ ಕಡಿಮೆಯಾಗಿದೆ ಎಂದೇ ತಿಳಿದಿದ್ದೆ.

ನಮ್ಮದು ಬೈಲಹೊಂಗಲ. ಬಜಾರಿನಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ ಇದೆ. ಮೋಟಾರು, ಸ್ಟಾರ್ಟರು, ಬೋರ್‌ವೆಲ್ಲಿಗೆ ಇಳಿಸುವ ಕೇಬಲ್ಲು ಮಾರುತ್ತೇನೆ. ಅವಳು ದೊಡವಾಡದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾಳೆ. ಮಗಳ ಮದುವೆಯಾಗಿ ಅವಳು ಹುಬ್ಬಳ್ಳಿ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದಿದ್ದರೆ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಊಟಕ್ಕೆ ಬಾ, ಗ್ಯಾಸು ತೀರಿದೆ, ನಾಳೆ ನೀರು ಬರುವ ದಿನ ಎಂಬಷ್ಟಕ್ಕೆ ನಮ್ಮ ಮಾತು ಬಂದು ನಿಂತಿತ್ತು.

ಕಿತ್ತೂರಿನಲ್ಲಿ ನಮ್ಮ ಬೀಗರ ಕಡೆಯ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಾಗ ನಡೆದದ್ದನ್ನು ಹೇಳಬೇಕು. ಊಟದ ಸಾಲಿನ ಹತ್ತಿರ ನನ್ನ ಹೆಂಡತಿಗೆ ಹಳೆಯ ಗೆಳತಿಯೊಬ್ಬರು ಸಿಕ್ಕರು. ಮೊದಲು ಇಬ್ಬರೂ ಒಂದೇ ಶಾಲೆಯಲ್ಲಿ ಕಲಿಸುತ್ತಿದ್ದರು, ಈಗ ಅವರು ಕಿತ್ತೂರಿನಲ್ಲೇ ಇದ್ದಾರೆ. ನಾನು ಪಕ್ಕದಲ್ಲೇ ನಿಂತಿದ್ದೆ. ಸುತ್ತಲೂ ಗದ್ದಲವಿತ್ತು. ಆ ಗೆಳತಿ ತಗ್ಗಿದ ದನಿಯಲ್ಲಿ, "ಹೋದ ತಿಂಗಳ ನಮ್ಮವ್ವಾರು ತೀರಕೊಂಡ್ರು ನೋಡ್ರಿ" ಅಂದರು.

ನನ್ನ ಹೆಂಡತಿ ಮುಖ ಅರಳಿಸಿ, "ಭಾಳ ಚಲೋ ಆತ್ ಬಿಡ್ರಿ" ಅಂದಳು.

ಅವರು ಒಂದು ಕ್ಷಣ ಅವಳನ್ನೇ ನೋಡಿ ತಲೆ ತಗ್ಗಿಸಿದರು. ಹತ್ತಿರವಿದ್ದ ಇಬ್ಬರು ಮೂವರು ಹೆಂಗಸರು ಮಾತು ನಿಲ್ಲಿಸಿದರು. ಏನೋ ತಪ್ಪಿದೆ ಎಂದು ನನ್ನ ಹೆಂಡತಿಗೂ ಗೊತ್ತಾಯಿತು, ಏನು ಎಂದು ಮಾತ್ರ ಗೊತ್ತಾಗಲಿಲ್ಲ. ನಗುವನ್ನು ಅರ್ಧಕ್ಕೆ ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಅವಳ ತೋಳು ಹಿಡಿದು ಕರೆದುಕೊಂಡು ಬಂದೆ.

ಕಾರಿನಲ್ಲಿ ಬೈಲಹೊಂಗಲ ಮುಟ್ಟುವವರೆಗೂ ಬೈದೆ. "ಮಂದಿ ಸತ್ತ ಸುದ್ದಿ ಹೇಳಿದ್ರ ಚಲೋ ಆತು ಅಂತೀ ಅಲ್ಲ, ಕಿವ್ಯಾಗ ಹತ್ತಿ ಇಟಗೊಂಡೀ ಏನು? ಎಲ್ಲಿರತೈತಿ ನಿನ್ನ ಲಕ್ಷ್ಯ?" ಅವಳು ಕಿಟಕಿಯ ಹೊರಗೆ ಜೋಳದ ಹೊಲಗಳನ್ನು ನೋಡುತ್ತ ಕೂತಿದ್ದಳು. ನಾನು ಅದನ್ನೂ ಅಲಕ್ಷ್ಯವೆಂದೇ ಲೆಕ್ಕ ಹಾಕಿದೆ.

ಇದಾಗಿ ಎರಡು ತಿಂಗಳಿಗೆ ಸ್ಪೀಕರ್‌ಗಳು ಬಂದವು. ರಾಮದುರ್ಗದಿಂದ ಒಬ್ಬ ಹಿರಿಯರು ತೋಟಕ್ಕೆ ಮೋಟಾರು ಕೊಳ್ಳಲು ಅಂಗಡಿಗೆ ಬಂದಿದ್ದರು. ನೇಕಾರರ ಮನೆತನದವರು, ಸೀರೆಯ ವ್ಯಾಪಾರ. ನನ್ನ ಗಲ್ಲಾಪೆಟ್ಟಿಗೆಯ ಪಕ್ಕದ ಸಣ್ಣ ಡಬ್ಬಿಯಂಥ ಸ್ಪೀಕರ್‌ನಲ್ಲಿ ವಚನ ಗಾಯನ ಕೇಳುತ್ತಿತ್ತು. ಸ್ವಲ್ಪ ಹೊತ್ತು ಕೇಳಿ ಅವರು, "ಇಂಥಾ ಹಾಡನ್ನ ಇಂಥಾದ್ರಾಗ ಕೇಳಬಾರದ್ರಿ ನೀವು. ನನ್ನ ಕಡೆ ಒಂದು ಜೋಡಿ ಐತಿ, ಅದಕಿಂತ ದೊಡ್ಡದು ತಂದೇನಿ, ಹಳೇದು ಒಯ್ಯರಿ. ಆಂಪ್ಲಿಫೈಯರೂ ಐತಿ" ಅಂದರು. ಹುಡುಗನಾಗಿದ್ದಾಗಿಂದ ನನಗೆ ಒಳ್ಳೆಯ ಸ್ಟೀರಿಯೋ ಬೇಕೆಂಬ ಆಸೆಯಿತ್ತು. ಅಂಗಡಿಯ ರಜೆಯ ದಿನ ಹೊರಟೇಬಿಟ್ಟೆ.

ಅವರ ಪಡಸಾಲೆಯಲ್ಲಿ ಸ್ಪೀಕರ್‌ಗಳು ಸೊಂಟದೆತ್ತರಕ್ಕೆ ನಿಂತಿದ್ದವು. ಅವರು ಒಂದನ್ನು ತಿರುಗಿಸಿ ಬೆನ್ನು ತೋರಿಸಿದರು. ಸಾಮಾನ್ಯವಾಗಿ ಒಂದು ಕೆಂಪು, ಒಂದು ಕಪ್ಪು, ಎರಡೇ ಟರ್ಮಿನಲ್ ಇರುತ್ತವೆ. ಇದಕ್ಕೆ ನಾಲ್ಕಿದ್ದವು, ಮೇಲೆ ಒಂದು ಜೋಡಿ, ಕೆಳಗೆ ಒಂದು ಜೋಡಿ. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಹಿತ್ತಾಳೆಯ ಸಣ್ಣ ಪಟ್ಟಿಗಳನ್ನು ಬಿಗಿದಿದ್ದರು.

"ಒಳಗ ಎರಡ ಅದಾವ್ರಿ," ಎಂದು ವಿವರಿಸಿದರು. "ಕೆಳಗ ದೊಡ್ಡದು, ದಪ್ಪ ದನಿಗೆ. ಮ್ಯಾಲ ಸಣ್ಣದು, ಸಣ್ಣ ದನಿಗೆ. ಒಂದ ಜೋಡಿ ವಾಯರ್ ಹಚ್ಚಿದ್ರ ಈ ಪಟ್ಟಿ ಇರಬೇಕು, ಅದರ ಮ್ಯಾಲಿಂದ ಎರಡಕ್ಕೂ ಕರೆಂಟ್ ಹೋಗತೈತಿ. ಎರಡ ಜೋಡಿ ಹಚ್ಚೂದಿದ್ರ ಪಟ್ಟಿ ತಗೀರಿ. ಮ್ಯಾಲಿಂದಕ್ಕ ಅದರ ವಾಯರ್, ಕೆಳಗಿಂದಕ್ಕ ಅದರ ವಾಯರ್. ಇದಕ್ಕ ಬೈ-ವೈರಿಂಗ್ ಅಂತಾರ."

"ಹಂಗ ಹಚ್ಚಿದ್ರ ಏನ ಫರಕ್ ಬರತೈತ್ರಿ?" ಎಂದು ಕೇಳಿದೆ. ಮೂವತ್ತು ವರ್ಷ ತಂತಿ ಮಾರಿದವನಿಗೆ, ಆಂಪ್ಲಿಫೈಯರಿನ ಕಡೆ ಎರಡೂ ಒಂದೇ ಟರ್ಮಿನಲ್ಲಿಗೆ ಸೇರುವುದಾದರೆ ಈ ಕಡೆ ಬೇರೆ ಮಾಡಿ ಏನು ಬಂತು ಎನಿಸಿತ್ತು.

ಅವರು ನಕ್ಕರು. "ಫರಕ್ ಐತಿ ಅಂದಾವ್ರಿಗೆ ಐತಿ. ನನಗ ಐತಿ ಅನಸತೈತಿ. ನೀವು ಹಚ್ಚಿ ನೋಡ್ರಿ."

ಕೇಬಲ್ಲನ್ನೂ ಅವರೇ ಕೊಟ್ಟರು. ಒಂದು ತುದಿಯಲ್ಲಿ ಎರಡು ಪ್ಲಗ್ಗು, ಇನ್ನೊಂದು ತುದಿಯಲ್ಲಿ ನಾಲ್ಕು. ಸ್ಪೀಕರ್‌ಗಳನ್ನು ಎರಡು ಕೌದಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ತೆಗ್ಗು ಬಂದಲ್ಲೆಲ್ಲ ಉಸಿರು ಹಿಡಿದು, ಮುನವಳ್ಳಿಯ ಹತ್ತಿರ ಡ್ಯಾಮಿನ ಹಿನ್ನೀರು ಕಂಡಾಗ ಅರ್ಧ ದಾರಿ ಮುಗಿಯಿತೆಂದುಕೊಂಡು ಊರು ಸೇರಿದೆ.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದು ಕೆಲಸಕ್ಕೆ ಕೂತೆ. ಹಿತ್ತಾಳೆಯ ಪಟ್ಟಿಗಳನ್ನು ಬಿಚ್ಚಿ ಒಂದು ವಾಟಿಯಲ್ಲಿ ಹಾಕಿಟ್ಟೆ. ಹೊಸ ಮೋಟಾರು ಕೂರಿಸುವಾಗ ಒಂದೊಂದೇ ಸಂಪರ್ಕ ಕೊಟ್ಟು ಪರೀಕ್ಷಿಸುತ್ತ ಹೋಗುವುದು ನನ್ನ ರೂಢಿ. ಇಲ್ಲಿಯೂ ಎರಡೂ ಸ್ಪೀಕರ್‌ಗಳಿಗೆ ಮೊದಲು ಕೆಳಗಿನ ಜೋಡಿಯನ್ನಷ್ಟೇ ಸಿಕ್ಕಿಸಿ, ಫೋನನ್ನು ಆಂಪ್ಲಿಫೈಯರಿಗೆ ಜೋಡಿಸಿ, ಅಂಗಡಿಯಲ್ಲಿ ಕೇಳುತ್ತಿದ್ದ ಅದೇ ವಚನವನ್ನು ಹಚ್ಚಿದೆ.

ಹಾಡುವ ಹೆಣ್ಣುಮಗಳು ಬಾಯಿಗೆ ಸೆರಗು ಅಡ್ಡ ಹಿಡಿದು ಹಾಡಿದಂತಿತ್ತು. ದನಿ ತುಂಬಿಕೊಂಡು ಬರುತ್ತಿತ್ತು, ತಬಲಾದ ಎಡಗೈ ಪೆಟ್ಟು ಎದೆಗೆ ತಾಗುತ್ತಿತ್ತು. ಆದರೆ ನನಗೆ ಬಾಯಿಪಾಠವಿರುವ ಶಬ್ದಗಳೇ ಬರಿಯ ಅ, ಓ, ಊ ಆಗಿ ಕೇಳುತ್ತಿದ್ದವು. ಮೇಲಿನ ಜೋಡಿ ಇನ್ನೂ ಹಚ್ಚಿಲ್ಲವಲ್ಲ, ಹೀಗೇ ಇರಬೇಕು ಎಂದುಕೊಂಡೆ.

ಅಷ್ಟರಲ್ಲಿ ಹೆಂಡತಿ ಶಾಲೆಯಿಂದ ಬಂದಳು. ಬ್ಯಾಗನ್ನು ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದಳು. "ಎಷ್ಟ ಚಂದ ಐತ್ರಿ," ಅಂದಳು. "ಅವರು ಇಲ್ಲೇ ಕುಂತು ಹಾಡಿದಂಗ ಆಗಾಕತ್ತೈತಿ."

"ತಡಿ, ಇನ್ನೂ ಅರ್ಧಾ ಕೆಲಸ ಆಗಿಲ್ಲ," ಎಂದು ನಗುತ್ತ ಆಂಪ್ಲಿಫೈಯರ್ ಆರಿಸಿ, ಮೇಲಿನ ಪ್ಲಗ್ಗುಗಳನ್ನೂ ಸಿಕ್ಕಿಸಿ ಮತ್ತೆ ಹಚ್ಚಿದೆ. ನನಗೆ ಮುಚ್ಚಿದ ಬಾಗಿಲು ತೆರೆದಂತಾಯಿತು. ಪ್ರತಿ ಅಕ್ಷರ ತುಟಿ ಬಿಡುವುದೂ, ಹಾಡುವವಳು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು.

"ಈಗ ಹೆಂಗೈತಿ?" ಎಂದು ಅವಳತ್ತ ತಿರುಗಿದೆ.

"ಹಂಗ ಐತಲ್ಲ," ಅಂದಳು. "ಮೊದಲೂ ಚಲೋನ ಇತ್ತು."

ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ವ್ಯತ್ಯಾಸ ತಿಳಿಯದಷ್ಟು ಅಲಕ್ಷ್ಯವೇ ಎನಿಸಿತು. ತೋರಿಸಿಯೇ ಬಿಡೋಣವೆಂದು ಆಂಪ್ಲಿಫೈಯರ್ ಆರಿಸಿ, ಈ ಸಲ ಕೆಳಗಿನ ಜೋಡಿಯನ್ನು ಕಿತ್ತು ಮೇಲಿನದನ್ನಷ್ಟೇ ಉಳಿಸಿದೆ. ಹಚ್ಚಿದಾಗ ಹಾಡಿನ ಸಿಪ್ಪೆಯಷ್ಟೇ ಬಂತು. ಸ, ಶ, ತ, ಚ, ತಾಳದ ಕಿಣಿ. ತೆಳ್ಳಗಿದ್ದರೂ ಪಡಸಾಲೆಯ ತುಂಬ ಚುರುಕಾಗಿ ಕೇಳುತ್ತಿತ್ತು. "ಈಗ ಕೇಳು," ಅಂದೆ.

ಅವಳು ಕಾಯುತ್ತ ನಿಂತಳು. ಸ್ವಲ್ಪ ಹೊತ್ತಾದ ಮೇಲೆ, "ಹಚ್ಚರಿ ಮತ್ತ," ಅಂದಳು.

"ಹಚ್ಚೇನಲ್ಲ."

"ಎಲ್ಲಿ? ಬಂದ್ ಐತಲ್ಲರಿ."

ನಾನು ಅವಳ ಮುಖ ನೋಡಿದೆ. ಅವಳು ಆಟವಾಡುತ್ತಿರಲಿಲ್ಲ. ಹತ್ತಿರ ಬಂದು ಸ್ಪೀಕರ್ ಮುಂದೆ ಬಗ್ಗಿ ಕಿವಿಯೊಡ್ಡಿದಳು. "ಇಲ್ಲಿ ಏನೋ ಸಣ್ಣಂಗ ಗಾಳಿ ಬಂದಂಗ ಆಗತೈತಿ," ಎಂದು ಎದ್ದು ನನ್ನನ್ನು ನೋಡಿದಳು. ಆಗ ನನ್ನ ಮುಖದಲ್ಲಿ ಏನು ಕಂಡಳೋ, "ಯಾಕ್ರಿ, ಏನಾತು?" ಅಂದಳು.

"ಏನಿಲ್ಲ" ಎನ್ನುವುದು ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ. "ಚಾ ಮಾಡತಿ ಏನು? ಆಮ್ಯಾಲ ಹೇಳತೇನಿ," ಅಂದೆ.

ಅವಳು ಒಳಗೆ ಹೋದ ಮೇಲೆ ನಾನು ಮತ್ತೆ ಕೆಳಗಿನ ಜೋಡಿಯನ್ನಷ್ಟೇ ಹಚ್ಚಿದೆ. ಬೆಳಿಗ್ಗೆ ಮಗಳು ವಾಟ್ಸಾಪಿನಲ್ಲಿ ಕಳಿಸಿದ್ದ ದನಿ ಸಂದೇಶವೊಂದು ಕೇಳದೆ ಉಳಿದಿತ್ತು. ಅದನ್ನು ಹಚ್ಚಿದೆ. ಮಗಳ ದನಿ ಎಂದು ತಿಳಿಯಿತು, ಖುಷಿಯಲ್ಲಿದ್ದಾಳೆ ಎಂದೂ ತಿಳಿಯಿತು. ಏನು ಹೇಳುತ್ತಿದ್ದಾಳೆ ಎಂಬುದು ಅರ್ಧಕ್ಕರ್ಧ ತಿಳಿಯಲಿಲ್ಲ. ಎರಡನೆಯ ಸಲ ಕೇಳಿದೆ. ಮೂರನೆಯ ಸಲ ಕೇಳಿದೆ. ಇತ್ತೀಚೆಗೆ ಮಗಳ ಫೋನು ಬಂದರೆ ಹೆಂಡತಿ ಎರಡು ಮಾತಾಡಿ "ತಡಿ, ಅಪ್ಪಗ ಕೊಡತೇನಿ" ಅನ್ನುತ್ತಿದ್ದಳು. ಮಗಳು ನನ್ನ ಹತ್ತಿರ, ಅವ್ವನಿಗೆ ತನ್ನ ಮೇಲೆ ಏನಾದರೂ ಬೇಜಾರಾಗಿದೆಯೇ ಎಂದು ಒಮ್ಮೆ ಕೇಳಿದ್ದಳು. ಅದೆಲ್ಲ ಅಲ್ಲಿ ಆ ನೆಲದ ಮೇಲೆ, ಕೈಯಲ್ಲಿ ಪ್ಲಗ್ಗು ಹಿಡಿದು ಕೂತಾಗ ಒಂದೊಂದಾಗಿ ಅರ್ಥವಾಗತೊಡಗಿತು. ನಾನು ಕೆಲವು ನಿಮಿಷ ಕೇಳಿದ ಈ ಸದ್ದಿನಲ್ಲಿ ಅವಳು ಎಷ್ಟೋ ಕಾಲದಿಂದ ಸಂಸಾರ ಮಾಡುತ್ತಿದ್ದಳು, ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

ಚಹಾ ತಂದಾಗ ಅವಳೆದುರಿಗೆ ಕೂತು, ಮುಖ ಕೊಟ್ಟು, ನಿಧಾನವಾಗಿ ಎಲ್ಲ ಹೇಳಿದೆ. ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು. ಆಶ್ಚರ್ಯಪಡಲಿಲ್ಲ.

"ನನಗ ಗೊತ್ತೈತಿ," ಅಂದಳು. "ಕರೋನಾದಾಗ ಎಲ್ಲಾರೂ ಮಾಸ್ಕ್ ಹಾಕ್ಕೊಂಡು ಮಾತಾಡತಿದ್ರಲ್ಲ, ಆವಾಗ ಏನೂ ತಿಳೀತಿರಲಿಲ್ಲ. ಮಾಸ್ಕಿನ ದೆಸಿಂದ ಅಂತ ಅನ್ಕೊಂಡೆ. ಎಲ್ಲಾರೂ ಮಾಸ್ಕ್ ತಗದ್ರು. ನನಗಷ್ಟ ಅವರು ತಗದಿಲ್ಲ ಅನ್ನೂಹಂಗ ಕೇಳತಿತ್ತು."

"ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?"

ಅವಳು ಕಪ್ಪನ್ನು ಕೆಳಗಿಟ್ಟಳು. "ಎರಡ ಸಲ ಏನು ಅಂದ್ರ ನೀವು ಸಿಟ್ಟಿಗೇಳತಿದ್ರಿ. ಇದನ್ನ ಹೆಂಗ ಹೇಳ್ಲಿ?"

ಕಿತ್ತೂರಿನ ದಿನದ್ದನ್ನು ಕೇಳಿದೆ. ಅವಳ ಕಣ್ಣು ತುಂಬಿತು. "ನಮ್ಮವರು ಏನೋ ತಗೊಂಡ್ರು ಅಂದಂಗ ಕೇಳಿಸ್ತ್ರಿ. ಜಾಗಾನೋ, ಮನಿನೋ ತಗೊಂಡಾರ ಅನ್ಕೊಂಡೆ. ಗಾಡ್ಯಾಗ ನೀವು ಸತ್ತ ಸುದ್ದಿ ಅಂದಾಗ ನನಗ ತಿಳೀತು."

ಅವ್ವಾರು ತೀರಕೊಂಡ್ರು. ನಮ್ಮವರು ತಗೊಂಡ್ರು. ನಾನು ಮನಸ್ಸಿನಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೇಲಿನ ಜೋಡಿ ತಂತಿ ಇಲ್ಲದಿದ್ದರೆ ನಾನೂ ಅದನ್ನೇ ಕೇಳಿರುತ್ತಿದ್ದೆ. ಅವತ್ತು ಕಾರಿನಲ್ಲಿ ಆಡಿದ್ದಕ್ಕೆ ತಪ್ಪಾಯಿತು ಅಂದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಆ ಮಾತನ್ನು ಹಾಗೆ ನೇರವಾಗಿ ಹೇಳಿದ ನೆನಪಿಲ್ಲ. ಅವಳು "ಇರ್ಲಿ ಬಿಡ್ರಿ" ಅಂದಳು. ಆ ದನಿಯಲ್ಲಿ ಎಲ್ಲವೂ ಮುಗಿಯಿತೆಂಬ ಭಾವ ಇರಲಿಲ್ಲ, ಇರಬೇಕೆಂದು ನಾನು ಕೇಳುವಂತೆಯೂ ಇರಲಿಲ್ಲ.

ಪರೀಕ್ಷೆಗೆ ಬೆಳಗಾವಿಗೆ ಹೋಗೋಣ ಎಂದಾಗ ಒಪ್ಪಲಿಲ್ಲ. ಕಿವಿಗೆ ಯಂತ್ರ ಹಾಕಿಕೊಂಡರೆ ಶಾಲೆಯಲ್ಲಿ ಕಿವುಡಿ ಅನ್ನುತ್ತಾರೆ, ನಿವೃತ್ತಿಗೆ ಇನ್ನು ಮೂರೇ ವರ್ಷ, ಹೇಗೋ ದೂಡುತ್ತೇನೆ ಅಂದಳು. ಹೇಗೆ ದೂಡುತ್ತಿದ್ದಳೆಂದು ಅವಳೇ ಹೇಳಿದಳು. ಮೆತ್ತಗೆ ಮಾತಾಡುವ ಮಕ್ಕಳನ್ನು ಮುಂದಿನ ಸಾಲಿಗೆ ಕೂರಿಸುವುದು, ಪಾಠ ಓದಿಸುವಾಗ ಪುಸ್ತಕ ಹಿಡಿದು ಮಗುವಿನ ತುಟಿ ನೋಡುವುದು, ಸಭೆಗಳಲ್ಲಿ ಎಲ್ಲರೂ ನಕ್ಕಾಗ ನಗುವುದು. ಕೇಳುತ್ತ ಕೇಳುತ್ತ, ಎಲ್ಲಕ್ಕಿಂತ ಹೆಚ್ಚಾಗಿ ಇವಳು ಎಷ್ಟು ದಣಿದಿರಬೇಕು ಎನಿಸಿತು. ನಾನು ಒತ್ತಾಯಿಸಲಿಲ್ಲ. ಬೇರೆ ಕೋಣೆಯಿಂದ ಕೂಗಿ ಮಾತಾಡುವುದನ್ನಷ್ಟೇ ಬಿಟ್ಟೆ. ಏನಾದರೂ ಹೇಳುವುದಿದ್ದರೆ ಎದ್ದು ಹೋಗಿ, ಅವಳು ನೋಡುವವರೆಗೆ ನಿಂತು ಹೇಳುತ್ತಿದ್ದೆ. ಮೂರು ವಾರ ಕಳೆದ ಮೇಲೆ ಒಂದು ಸಂಜೆ ಅವಳೇ, "ಶನಿವಾರ ಅರ್ಧಾ ದಿನ ಸಾಲಿ. ಹೋಗೂಣೇನ್ರಿ ಬೆಳಗಾವಿಗೆ?" ಅಂದಳು.

ಪರೀಕ್ಷೆ ಮಾಡಿದ ಹೆಣ್ಣುಮಗಳು ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಎಡಗಡೆ, ದಪ್ಪ ದನಿಗಳಿದ್ದಲ್ಲಿ, ಮೇಲೇ ಸಾಗಿ, ನಡು ದಾಟಿ ಸಣ್ಣ ದನಿಗಳ ಕಡೆ ಹೋದ ಮೇಲೆ ಗುಡ್ಡದಿಂದ ಇಳಿದಂತೆ ಕೆಳಗೆ ಬಿದ್ದಿತ್ತು. "ಇವರಿಗೆ ದನಿ ಕೇಳತೈತ್ರಿ, ಅಕ್ಷರ ಕೇಳೂದಿಲ್ಲ. ಅದಕ್ಕ ಮನಿಯವರು ಬೇಕಂತ ಮಾಡತಾರ ಅನ್ಕೊಂಡಬಿಡತಾರ," ಅಂದರು. ನಾನು ಕಾಗದವನ್ನೇ ನೋಡುತ್ತಿದ್ದೆ.

ಯಂತ್ರ ಬಂದ ಮೊದಲ ವಾರ ಅವಳಿಗೆ ಹಿಂಸೆಯಾಯಿತು. ಪ್ಲಾಸ್ಟಿಕ್ ಚೀಲದ ಸದ್ದು, ನಲ್ಲಿಯ ಸದ್ದು, ತನ್ನದೇ ಸೀರೆಯ ಸದ್ದು. "ಈ ಮನಿ ಇಷ್ಟ ಗದ್ದಲಾ ಮಾಡತೈತೇನ್ರಿ ಯಾವಾಗಲೂ?" ಎಂದು ಕೇಳಿದಳು. ಸಂಜೆ ತೆಗೆದಿಟ್ಟು ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದಳು. ಈಗಲೂ ಕೆಲವು ದಿನ ಹಾಗೆ ಕೂರುತ್ತಾಳೆ.

ಕಿತ್ತೂರಿಗೆ ಹೋಗಬೇಕೆಂದು ಅವಳೇ ಹಟ ಹಿಡಿದಳು. ಆ ಗೆಳತಿಯ ಮನೆಯಲ್ಲಿ ಕೂತು, ಕಿವಿಯ ಹಿಂದಿನ ಕೂದಲು ಸರಿಸಿ ಯಂತ್ರ ತೋರಿಸಿ, ಅವತ್ತು ತನಗೆ ಏನು ಕೇಳಿತ್ತೆಂದು ಹೇಳಿದಳು. ಆ ಗೆಳತಿ ಬಗ್ಗಿ ಯಂತ್ರವನ್ನು ಹತ್ತಿರದಿಂದ ನೋಡಿದರು. ಆಮೇಲೆ ಅಂದರು, "ನಮ್ಮವ್ವ ಎರಡ ವರ್ಷ ಹಾಸಗ್ಯಾಗ ಇದ್ಳು. ಬಂದಾವರೆಲ್ಲಾ ಅಯ್ಯ, ಪಾಪ ಅನ್ನಾವರ. ನೀವೊಬ್ಬರ ಚಲೋ ಆತು ಅಂದ್ರಿ. ಮೊದಲ ಕೆಟ್ಟ ಅನಿಸ್ತು. ಮನಿಗೆ ಬಂದ ಮ್ಯಾಲ, ಇವರೊಬ್ಬರಿಗೆ ತಿಳದೈತಿ ನೋಡು ಅನ್ಕೊಂಡಿದ್ದೆ."

"ನನಗ ತಿಳದಿರಲಿಲ್ಲವ್ವಾ," ಅಂದಳು ನನ್ನ ಹೆಂಡತಿ.

"ಇರ್ಲಿ. ನನಗ ಅವತ್ತ ಆ ಮಾತ ಬೇಕಾಗಿತ್ತು."

ಇಬ್ಬರೂ ಅತ್ತರು, ಆಮೇಲೆ ನಕ್ಕರು. ನಾನು ಅವರ ಮನೆಯ ಅಂಗಳದಲ್ಲಿ ನಿಂತು ಅವರ ಯಜಮಾನರ ಜೊತೆ ಬೋರ್‌ವೆಲ್ ಬಗ್ಗೆ ಮಾತಾಡಿದೆ.

ಬೈ-ವೈರಿಂಗಿನಿಂದ ಫರಕ್ ಆಯಿತೇ ಎಂದು ರಾಮದುರ್ಗದ ಹಿರಿಯರು ಫೋನಿನಲ್ಲಿ ಕೇಳಿದರು. ನಾನು ಒಂದು ಭಾನುವಾರ ಪಟ್ಟಿ ಹಾಕಿ ಒಂದೇ ಜೋಡಿಯಲ್ಲಿ, ಪಟ್ಟಿ ತೆಗೆದು ಎರಡು ಜೋಡಿಯಲ್ಲಿ ಹಚ್ಚಿ ನೋಡಿದ್ದೆ. ನನ್ನ ಕಿವಿಗೆ ಎರಡೂ ಒಂದೇ ಇದ್ದವು. ಅವರಿಗೆ ಹಾಗೇ ಹೇಳಿದೆ. "ನಿಮ್ಮ ಕಿವಿ ಪಳಗಬೇಕ್ರಿ" ಅಂದರು. ಇರಬಹುದು.

ಯಂತ್ರ ಹಾಕಿಕೊಂಡು ಅವಳು ಶಾಲೆಗೆ ಹೋದ ಮೊದಲ ದಿನ, ಮಕ್ಕಳು ಕೇಳುವ ಮೊದಲೇ ತಾನೇ ಹೇಳಿಬಿಟ್ಟಳಂತೆ. "ಅಕ್ಕಾರ, ಅದರಾಗ ಹಾಡ ಬರತಾವ್ರಿ?" ಎಂದು ಯಾರೋ ಕೇಳಿದರು. ಬರುವುದಿಲ್ಲ ಎಂದಾಗ ಮಕ್ಕಳಿಗೆ ಅದರ ಮೇಲಿನ ಆಸಕ್ತಿ ಹೋಯಿತು. ಆಮೇಲೆ ಹಾಜರಿ ಕರೆದಳು. ನಾಲ್ಕನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುವ ಒಬ್ಬ ಹುಡುಗಿ ಇದ್ದಳು. ವರ್ಷವೆಲ್ಲ ಹೆಸರು ಕರೆದಾಗ ಕೈಯೆತ್ತುತ್ತಾಳೆ, ಬಾಯಿ ಬಿಡುವುದಿಲ್ಲ ಎಂದು ನನ್ನ ಹೆಂಡತಿ ತಿಳಿದಿದ್ದಳು. ಅವತ್ತು ಕೈಯ ಜೊತೆಗೆ ಒಂದು ಸಣ್ಣ ದನಿ ಬಂತು: "ಹಾಜರ ಅದೇನ್ರಿ ಅಕ್ಕಾರ." ದಿನಾ ಅನ್ನುತ್ತಿದ್ದಳಂತೆ.

ಅದನ್ನು ಮನೆಯಲ್ಲಿ ನನಗೆ ಹೇಳುವಾಗ ಅವಳು ಚಹಾ ಕುಡಿಯುವುದನ್ನು ನಿಲ್ಲಿಸಿದ್ದಳು. ಆ ಹುಡುಗಿಯ ಪ್ರಗತಿ ಪತ್ರದಲ್ಲಿ "ಮಾತು ಬಹಳ ಕಡಿಮೆ, ಪ್ರಶ್ನೆಗೆ ಉತ್ತರಿಸುವುದಿಲ್ಲ" ಎಂದು ಬರೆದು ಕಳಿಸಿದ್ದಳು. ತಾಯಿ ಒಮ್ಮೆ ಬಂದು, "ಮನ್ಯಾಗ ಬಾಯಿ ಮುಚ್ಚೂದಿಲ್ರಿ ಅಕ್ಕಾರ, ಸಾಲ್ಯಾಗ ಯಾಕ ಹಿಂಗ" ಎಂದು ಕೇಳಿ, ಉತ್ತರ ಸಿಗದೆ ಹೋಗಿದ್ದಳು.

"ಈಗ ಏನ ಮಾಡತಿ?" ಎಂದು ಕೇಳಿದೆ.

"ಬರದದ್ದನ್ನ ತಿದ್ದತೇನಿ. ಅವರ ಮನಿಗೂ ಹೋಗತೇನಿ. ತಪ್ಪು ನಂದಿತ್ತು ಅಂತ ಆ ಹುಡುಗಿ ಮುಂದನ ಹೇಳಬೇಕು."

ಮರುದಿನ ಅವಳು ಎಂದಿನ ಬಸ್ಸಿಗೆ ಬರಲಿಲ್ಲ. ಮುಂದಿನ ಬಸ್ಸಿನ ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಇಳಿದವಳ ಕೈಯಲ್ಲಿ ಆ ಮನೆಯವರು ಕಟ್ಟಿ ಕೊಟ್ಟ ಹಸಿ ಕಡಲೆಗಿಡದ ಸಿವುಡಿತ್ತು. ಮನೆಯ ತನಕ ನಡೆಯುತ್ತ ಒಂದೊಂದೇ ಕಾಯಿ ಬಿಡಿಸಿ ತಿಂದೆವು. ದಾರಿಯುದ್ದಕ್ಕೂ ಅವಳು ಆ ಹುಡುಗಿ ಆಡಿದ ಮಾತುಗಳನ್ನು ಹೇಳುತ್ತಿದ್ದಳು, ಬಹಳ ಇದ್ದವು.